ರಕ್ತದ ಹನಿಯಲ್ಲಿ ಬೆಳಕಿನ ಲೆಕ್ಕ

ಸಕ್ಕರೆಗೆ ಬಣ್ಣವಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಗ್ಲೂಕೋಸ್ ಕದಡಿದರೂ ನೀರು ಮೊದಲಿದ್ದ ಹಾಗೇ ಕಾಣುತ್ತದೆ. ಆದರೂ ಊರಿನ ಯಾವ ಲ್ಯಾಬಿಗೆ ಹೋದರೂ ರಕ್ತದ ಸಕ್ಕರೆಯನ್ನು ಸಾಮಾನ್ಯವಾಗಿ ಬೆಳಕಿನಿಂದಲೇ ಅಳೆಯುತ್ತಾರೆ. (ಮನೆಯಲ್ಲಿಟ್ಟುಕೊಳ್ಳುವ ಗ್ಲೂಕೋಮೀಟರ್ ಬೇರೆ ಜಾತಿ, ಈಗಿನವು ಬಹುಪಾಲು ವಿದ್ಯುತ್ತನ್ನು ಅಳೆಯುತ್ತವೆ.) ಸಕ್ಕರೆ ಮಾತ್ರವಲ್ಲ, ಯೂರಿಯಾ, ಕ್ರಿಯಾಟಿನೈನ್, ಬಿಲಿರುಬಿನ್, ಥೈರಾಯ್ಡ್ ಹಾರ್ಮೋನು, ಹೃದಯಾಘಾತದ ಟ್ರೊಪೋನಿನ್ ಎಲ್ಲವೂ ಕೊನೆಗೆ ಒಂದು ಬೆಳಕಿನ ಸಂವೇದಕದ ಮುಂದೆ ಬಂದು ನಿಲ್ಲುತ್ತವೆ.

ಬೆಳಕನ್ನು ಅಳೆಯುವುದು ಈಗ ಕಷ್ಟದ ಕೆಲಸವಲ್ಲ. ಕಷ್ಟ ಇರುವುದು, ಬಂದ ಬೆಳಕು ಯಾರದ್ದು ಎಂದು ಹೇಳುವುದರಲ್ಲಿ. ರಕ್ತವೆಂದರೆ ಸಾವಿರಾರು ವಸ್ತುಗಳ ಸಾರು. ಅದರಲ್ಲಿ ಒಂದರ ಬೆಳಕನ್ನು ಮಾತ್ರ ಹೆಕ್ಕಿ ತೆಗೆಯಬೇಕು. ಬೆಳಕಿನ ಪರೀಕ್ಷೆಗಳ ಬಗೆಗಳೆಲ್ಲ ಹುಟ್ಟಿಕೊಂಡದ್ದು ಈ ಒಂದೇ ತೊಡಕಿನಿಂದ.

ಗುಲಾಬಿ ನೀರು, ಮೂರು ಟ್ಯೂಬು

ಬಣ್ಣವಿಲ್ಲದ ಗ್ಲೂಕೋಸಿಗೆ ಬಣ್ಣ ಕಟ್ಟುವ ವಿಧಾನದ ಹೆಸರು ಜಿಒಡಿ-ಪಿಒಡಿ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಮಾತ್ರ ಹಿಡಿದು ಆಕ್ಸಿಡೀಕರಿಸುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೆರಾಕ್ಸಿಡೇಸ್ ಎಂಬ ಎರಡನೆಯ ಕಿಣ್ವ ಆ ಪೆರಾಕ್ಸೈಡನ್ನು ಬಳಸಿಕೊಂಡು ಫೀನಾಲ್ ಮತ್ತು 4-ಅಮಿನೋಆಂಟಿಪೈರಿನ್ ಎರಡನ್ನೂ ಬೆಸೆದು ಗುಲಾಬಿಗೆಂಪು ಬಣ್ಣ ಮಾಡುತ್ತದೆ. ಎಷ್ಟು ಸಕ್ಕರೆಯೋ ಅಷ್ಟು ಬಣ್ಣ.

ಸಣ್ಣ ಲ್ಯಾಬುಗಳ ಸೆಮಿ ಆಟೊ ಅನಲೈಜರ್ ಎಂಬ ಯಂತ್ರದಲ್ಲಿ ಮಾಡುವ ಕ್ರಮ ಇಷ್ಟು. ಮೂರು ಟ್ಯೂಬುಗಳಿಗೆ ತಲಾ 1 ಮಿಲಿಲೀಟರ್ ರೀಏಜೆಂಟ್, ಅಂದರೆ ಈ ಕಿಣ್ವಗಳೂ ಬಣ್ಣ ಕಟ್ಟುವ ವಸ್ತುಗಳೂ ಇರುವ ದ್ರಾವಣ. ಒಂದಕ್ಕೆ ಏನೂ ಸೇರಿಸುವುದಿಲ್ಲ, ಅದು ಬ್ಲ್ಯಾಂಕ್. ಇನ್ನೊಂದಕ್ಕೆ ಡೆಸಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇರುವ ಸ್ಟ್ಯಾಂಡರ್ಡ್ 10 ಮೈಕ್ರೋಲೀಟರ್. ಮೂರನೆಯದಕ್ಕೆ ರೋಗಿಯ ಪ್ಲಾಸ್ಮಾ (ಕಣ ತೆಗೆದ ರಕ್ತದ್ರವ) 10 ಮೈಕ್ರೋಲೀಟರ್. 37 ಡಿಗ್ರಿಯಲ್ಲಿ, ಕಿಟ್ ಹೇಳಿದಂತೆ 10 ಅಥವಾ 15 ನಿಮಿಷ ಬಿಟ್ಟು, 505 ನ್ಯಾನೋಮೀಟರಿನ ಹಸಿರು ಬೆಳಕಿನಲ್ಲಿ ಓದಬೇಕು. ಕೆಂಪಾಗಿ ಕಾಣುವ ದ್ರಾವಣ ಹಸಿರನ್ನು ನುಂಗುತ್ತದೆ, ಅದಕ್ಕೇ ಹಸಿರು. ಬ್ಲ್ಯಾಂಕ್ ಕಳೆದ ಮೇಲೆ ಸ್ಟ್ಯಾಂಡರ್ಡಿನ ಹೀರಿಕೆ 0.30, ರೋಗಿಯದು 0.42 ಬಂದರೆ 0.42 ಭಾಗಿಸು 0.30 ಗುಣಿಸು 100, ಅಂದರೆ 140. ರಿಪೋರ್ಟಿನಲ್ಲಿ ಅಚ್ಚಾಗುವುದು ಈ ಸಂಖ್ಯೆಯೇ.

ಈ ‘ಹೀರಿಕೆ’ ಎಂಬುದು ಲಾಗರಿತಮ್ ಲೆಕ್ಕ. ಹೀರಿಕೆ 0.3 ಎಂದರೆ ಬೆಳಕಿನಲ್ಲಿ ಅರ್ಧ ಆಚೆ ಬಂತು, 1 ಎಂದರೆ ಹತ್ತರಲ್ಲೊಂದು ಪಾಲು, 2 ಎಂದರೆ ನೂರರಲ್ಲೊಂದು, 3 ಎಂದರೆ ಸಾವಿರದಲ್ಲೊಂದು. ಹೀಗೆ ಲೆಕ್ಕ ಹಾಕಿದರೆ ಹೀರಿಕೆಯೂ ವಸ್ತುವಿನ ಪ್ರಮಾಣವೂ ಒಂದೇ ಗೆರೆಯಲ್ಲಿ ಏರುತ್ತವೆ. ಬಿಯರ್-ಲ್ಯಾಂಬರ್ಟ್ ನಿಯಮ ಹೇಳುವುದು ಇದನ್ನೇ. ಆದರೆ ಗೆರೆ ಕೊನೆತನಕ ನೇರ ಹೋಗುವುದಿಲ್ಲ. ಫಿಲ್ಟರಿನ ಸಂದಿಯಿಂದಲೋ ಮುಚ್ಚಳದ ಬಿರುಕಿನಿಂದಲೋ ಸಾವಿರದಲ್ಲೊಂದು ಪಾಲು ದಾರಿತಪ್ಪಿದ ಬೆಳಕು ಸಂವೇದಕಕ್ಕೆ ತಲುಪಿತು ಎನ್ನಿ. ನಿಜವಾದ ಹೀರಿಕೆ 0.3 ಇರುವಲ್ಲಿ ಅದು ಲೆಕ್ಕಕ್ಕೇ ಇಲ್ಲ. 3 ಇರುವಲ್ಲಿ ಮಾತ್ರ, ಬರಬೇಕಾದ ಬೆಳಕಿನಷ್ಟೇ ಕಳ್ಳ ಬೆಳಕೂ ಸೇರಿ ಓದು 2.7ಕ್ಕೆ ಇಳಿಯುತ್ತದೆ. ಸಕ್ಕರೆ ವಿಪರೀತ ಇರುವ ರೋಗಿಯ ಫಲಿತಾಂಶ ಕಡಿಮೆ ಬರುವ ಕಾರಣಗಳಲ್ಲಿ ಇದೂ ಒಂದು. ಕಿಟ್ಟಿನ ಮಿತಿ ದಾಟಿದ ಸ್ಯಾಂಪಲನ್ನು ಸಲೈನಿನಲ್ಲಿ ತೆಳುಮಾಡಿ ಮತ್ತೆ ಓದಿ, ಬಂದದ್ದನ್ನು ಗುಣಿಸಬೇಕು ಎನ್ನುವುದು ಅದಕ್ಕೇ.

ಇನ್ನು ಕೈತಪ್ಪುಗಳು. 10 ಮೈಕ್ರೋಲೀಟರ್ ಎಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹನಿ. ಪಿಪೆಟ್ಟಿನ ತುದಿಯ ಹೊರಗೆ 1 ಮೈಕ್ರೋಲೀಟರ್ ಅಂಟಿಕೊಂಡು ಒಳಗೆ ಹೋದರೂ ಶೇಕಡಾ 10 ಹೆಚ್ಚು. 140 ಇದ್ದದ್ದು 154. ತುದಿಯನ್ನು ಟಿಶ್ಯೂವಿನಿಂದ ಒರೆಸಿ ಎಂದು ಕಲಿಸುವುದು ಸ್ವಚ್ಛತೆಗಾಗಿ ಅಲ್ಲ, ಈ 14 ಅಂಕಕ್ಕಾಗಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ರೀಏಜೆಂಟನ್ನು ಹಾಗೇ ಕ್ಯುವೆಟ್ಟಿಗೆ (ಬೆಳಕು ಹಾಯಿಸುವ ಪುಟ್ಟ ಪಾರದರ್ಶಕ ಪಾತ್ರೆಗೆ) ಸುರಿದರೆ, ಮಳೆಗಾಲದ ಹವೆಯಲ್ಲಿ ಹೊರಗೋಡೆಗೆ ಆವಿ ಕಟ್ಟುತ್ತದೆ. ಆವಿ ಬೆಳಕನ್ನು ಚದುರಿಸುತ್ತದೆ, ಯಂತ್ರ ಅದನ್ನೂ ಬಣ್ಣವೆಂದೇ ಎಣಿಸುತ್ತದೆ. ಫ್ಲೋ ಸೆಲ್ಲಿನ ಗಾಳಿಗುಳ್ಳೆ, ಕ್ಯುವೆಟ್ಟಿನ ಮೇಲಿನ ಬೆರಳಚ್ಚು ಮಾಡುವ ಕೆಡುಕೂ ಇದೇ.

ಯಂತ್ರದ ತಪ್ಪೇ ಅಲ್ಲದ ತಪ್ಪೂ ಇದೆ. ಸಾದಾ ಟ್ಯೂಬಿನಲ್ಲಿ ಬಿಟ್ಟ ರಕ್ತದಲ್ಲಿ ಜೀವಂತ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇಕಡಾ 5ರಿಂದ 7. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಇದನ್ನು ತಡೆಯುತ್ತದೆ. ಆದರೆ ಫ್ಲೋರೈಡ್ ಪೆಟ್ಟು ಕೊಡುವುದು ಸಕ್ಕರೆ ಒಡೆಯುವ ಸರಪಳಿಯ ಕೆಳಗಿನ ಒಂದು ಕೊಂಡಿಗೆ. ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಬೂದು ಮುಚ್ಚಳ ಹಾಕಿಯಾಯಿತಲ್ಲ ಎಂದು ಟ್ಯೂಬನ್ನು ಬಿಸಿಲಲ್ಲಿ ಇಟ್ಟು ಕೂರುವಂತಿಲ್ಲ, ಬೇಗ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸುವುದೇ ಒಳ್ಳೆಯದು. ವಿಟಮಿನ್ ಸಿ ಬಣ್ಣ ಕಟ್ಟುವ ಸರಪಳಿಯ ಕಳ್ಳ: ಬಣ್ಣವಾಗಬೇಕಿದ್ದ ಪೆರಾಕ್ಸೈಡನ್ನು ಅದೇ ನುಂಗಿಬಿಡುತ್ತದೆ. ವಿಟಮಿನ್ ಸಿ ಮಾತ್ರೆ ಜೋರಾಗಿ ನುಂಗಿದವರ ಮೂತ್ರದಲ್ಲಿ ಸಕ್ಕರೆಯಿದ್ದರೂ, ರಕ್ತವಿದ್ದರೂ ಅದ್ದಿ ನೋಡುವ ಪಟ್ಟಿ, ಡಿಪ್‌ಸ್ಟಿಕ್, ‘ನಿಲ್’ ಎನ್ನಬಹುದು.

ಖಾಲಿಯಾದ ಮೇಲೆ ಓದಿದರೆ

ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎಸ್‌ಜಿಪಿಟಿ ಒಂದು ಕಿಣ್ವ. ಅದರ ಪರೀಕ್ಷೆಯಲ್ಲಿ ಬಣ್ಣವೇ ಕಾಣುವುದಿಲ್ಲ. ಅಲ್ಲಿ ನೋಡುವುದು ರೀಏಜೆಂಟಿನಲ್ಲಿರುವ ಎನ್‌ಎಡಿಎಚ್ ಎಂಬ ಅಣುವನ್ನು. ಅದು 340 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರುತ್ತದೆ. ಸ್ಯಾಂಪಲಿನಲ್ಲಿ ಕಿಣ್ವ ಹೆಚ್ಚಿದ್ದಷ್ಟೂ ಎನ್‌ಎಡಿಎಚ್ ಬೇಗ ಬೇಗ ಖರ್ಚಾಗುತ್ತದೆ, ಹೀರಿಕೆ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಆ ಇಳಿಜಾರು ಎಷ್ಟು ಕಡಿದು ಎಂಬುದೇ ಫಲಿತಾಂಶ.

ಇಲ್ಲೊಂದು ಅಪಾಯದ ಬಲೆ ಇದೆ. ತೀವ್ರ ಹೆಪಟೈಟಿಸಿನಲ್ಲಿ ಎಸ್‌ಜಿಪಿಟಿ ಸಾವಿರಗಟ್ಟಲೆ ಇದ್ದಾಗ, ಯಂತ್ರ ಓದಲು ಶುರುಮಾಡುವ ಮೊದಲೇ ಎನ್‌ಎಡಿಎಚ್ ಪೂರ್ತಿ ಮುಗಿದಿರುತ್ತದೆ. ಆಮೇಲೆ ಇಳಿಯಲು ಏನಿದೆ? ಗೆರೆ ಚಪ್ಪಟೆ. ಚಪ್ಪಟೆ ಗೆರೆಗೆ ಯಂತ್ರ ಕೊಡುವ ಉತ್ತರ 10 ಅಥವಾ 15, ಆರೋಗ್ಯವಂತನ ಸಂಖ್ಯೆ! ದೊಡ್ಡ ಯಂತ್ರಗಳು ಎಚ್ಚರಿಕೆ ಕೊಡುತ್ತವೆ. ಸಣ್ಣ ಯಂತ್ರದಲ್ಲಿ ಮೊದಲ ಹೀರಿಕೆ ಎಷ್ಟಿತ್ತು ಎಂದು ನೋಡುವ ಅಭ್ಯಾಸವಿಲ್ಲದಿದ್ದರೆ ತಪ್ಪು ಹಾಗೇ ದಾಟಿಹೋಗುತ್ತದೆ. ಕಣ್ಣು ಹಳದಿಯಾದ ರೋಗಿಗೆ ಎಸ್‌ಜಿಪಿಟಿ ನಾರ್ಮಲ್ ಬಂದರೆ, ಸ್ಯಾಂಪಲನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓದುವುದು ಐದು ನಿಮಿಷದ ಕೆಲಸ.

ಈ ಯಂತ್ರಗಳೊಳಗಿನ ಹ್ಯಾಲೊಜನ್ ದೀಪ 340ರಲ್ಲಿ ಮೊದಲೇ ಬಡ. ದೀಪ ಹಳತಾದಾಗ ಸೋಲುವುದೂ ಮೊದಲು ಅಲ್ಲೇ. ಗ್ಲೂಕೋಸ್ ಸರಿಯಾಗಿ ಬರುತ್ತಿದೆ, ಎಸ್‌ಜಿಪಿಟಿ ಮಾತ್ರ ಹೊಯ್ದಾಡುತ್ತಿದೆ ಎಂದರೆ ರೀಏಜೆಂಟನ್ನು ಬೈಯುವ ಮೊದಲು ದೀಪವನ್ನೂ ಫಿಲ್ಟರನ್ನೂ ನೋಡಿ.

ಕಳೆಯುವ ಲೆಕ್ಕ

ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ ಬೇರೆ ಥರ. ಅದಕ್ಕೆ ತನ್ನದೇ ಹಳದಿ ಬಣ್ಣವಿದೆ. ಹಾಗಾಗಿ ನವಜಾತ ಶಿಶುವಿನ ಕಾಮಾಲೆಯನ್ನು ಯಾವ ರಾಸಾಯನಿಕ ಕ್ರಿಯೆಯೂ ಇಲ್ಲದೆ ನೇರವಾಗಿ ಅಳೆಯಬಹುದು: 454 ನ್ಯಾನೋಮೀಟರಿನಲ್ಲಿ ಒಮ್ಮೆ, 540ರಲ್ಲಿ ಇನ್ನೊಮ್ಮೆ. ಎರಡೇಕೆ? ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಕೆಂಪುಕಣ ಒಡೆದು ಹಿಮೋಗ್ಲೋಬಿನ್ ಸೋರುವುದು ಮಾಮೂಲು, ಅದೂ 454ರಲ್ಲಿ ಬೆಳಕು ಹೀರುತ್ತದೆ. ಅದೃಷ್ಟಕ್ಕೆ ಹಿಮೋಗ್ಲೋಬಿನ್ 540ರಲ್ಲೂ ಹೆಚ್ಚುಕಡಿಮೆ ಅಷ್ಟೇ ಹೀರುತ್ತದೆ, ಬಿಲಿರುಬಿನ್ ಅಲ್ಲಿ ಹೀರುವುದಿಲ್ಲ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹಿಮೋಗ್ಲೋಬಿನ್ ಹೋಗಿ ಬಿಲಿರುಬಿನ್ ಉಳಿಯುತ್ತದೆ. ದೊಡ್ಡವರಿಗೆ ಈ ಉಪಾಯ ನಡೆಯುವುದಿಲ್ಲ. ಕ್ಯಾರೆಟ್, ಪಪ್ಪಾಯ, ಸೊಪ್ಪು ತಿಂದವರ ಸೀರಮ್ಮಿನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ) ಕ್ಯಾರೊಟೀನಿನ ಹಳದಿಯೂ ಇರುತ್ತದೆ. 540ರ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಬಿಲಿರುಬಿನ್ನಿಗೆ ಬೆಳಕೇ ಶತ್ರು ಕೂಡ. ಶಿಶುವನ್ನು ನೀಲಿ ದೀಪದ ಕೆಳಗೆ ಮಲಗಿಸಿ ಕಾಮಾಲೆ ಇಳಿಸುವುದು ಸುಮಾರು 460 ನ್ಯಾನೋಮೀಟರಿನ ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನು ತಿರುಚುವುದರಿಂದ. ಟ್ಯೂಬಿನಲ್ಲಿರುವ ಬಿಲಿರುಬಿನ್ ಮೇಲೆ ಕಿಟಕಿಯ ಬಿಸಿಲು ಬಿದ್ದರೂ ಅದೇ ಕೆಲಸವೇ ಆಗುವುದು. ಟ್ಯೂಬಿಗೆ ಅಲ್ಯೂಮಿನಿಯಮ್ ಫಾಯಿಲ್ ಸುತ್ತಿ ಕಳಿಸಿ ಎಂದು ಹೇಳುವುದು ಇದಕ್ಕೆ. ರಕ್ತ ತೆಗೆಯುವಷ್ಟು ಹೊತ್ತು ಮಗುವಿನ ಮೇಲಿನ ದೀಪ ಆರಿಸುವುದೂ ಇದಕ್ಕೇ.

ಒಂದು ಗ್ರಾಮಿನಿಂದ ನ್ಯಾನೋಗ್ರಾಮಿಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಧಾರಾಳ ಇರುವ ವಸ್ತುಗಳ ಮಾತು. ಸಕ್ಕರೆ 100 ಇದ್ದರೆ ಲೀಟರಿಗೆ 1 ಗ್ರಾಂ ಇದ್ದಂತೆ. ಹೃದಯದ ಸ್ನಾಯು ಘಾಸಿಯಾದಾಗ ರಕ್ತಕ್ಕೆ ಬರುವ ಟ್ರೊಪೋನಿನ್-ಟಿಗೆ ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಇಟ್ಟಿರುವ ಗಡಿ ಲೀಟರಿಗೆ 14 ನ್ಯಾನೋಗ್ರಾಂ. ತೂಕದಲ್ಲಿ ಸಕ್ಕರೆಗಿಂತ ಸುಮಾರು 7 ಕೋಟಿ ಪಟ್ಟು ಕಡಿಮೆ. ಇಷ್ಟು ಕಡಿಮೆ ವಸ್ತು ಎಷ್ಟು ಬೆಳಕು ನುಂಗೀತು? ತುಂಬಿದ ಮದುವೆ ಮನೆಯಿಂದ ಒಬ್ಬರು ಎದ್ದು ಹೋದರೆ ಸದ್ದು ತಗ್ಗಿತೇ ಎಂದು ಕೇಳಿದ ಹಾಗೆ. ಇಲ್ಲಿ ಎರಡು ಉಪಾಯ ಒಟ್ಟಿಗೆ ಬೇಕು: ಆ ಒಬ್ಬರನ್ನು ಹಿಡಿದು ನಿಲ್ಲಿಸಿ ಉಳಿದವರನ್ನೆಲ್ಲ ಹೊರಗೆ ಕಳಿಸುವುದು, ಆಮೇಲೆ ಕತ್ತಲೆಯಲ್ಲಿ ಅವರ ಕೈಗೆ ದೀಪ ಕೊಡುವುದು.

ಹಿಡಿದು ನಿಲ್ಲಿಸಲು ಪ್ರತಿಕಾಯ (ಆಂಟಿಬಾಡಿ), ತನ್ನ ಗುರಿಗೆ ಮಾತ್ರ ಅಂಟುವ ಪ್ರೋಟೀನು. ಎಲೈಸಾ ತಟ್ಟೆಯ 96 ಗುಳಿಗಳ ತಳಕ್ಕೆ ಒಂದು ಪ್ರತಿಕಾಯ ಅಂಟಿಸಿರುತ್ತಾರೆ. 100 ಮೈಕ್ರೋಲೀಟರ್ ಸೀರಮ್ ಹಾಕಿದರೆ ಬೇಕಾದ ಪ್ರೋಟೀನು ಸಿಕ್ಕಿಕೊಳ್ಳುತ್ತದೆ. ತೊಳೆದರೆ ಉಳಿದದ್ದು ಹೋಗುತ್ತದೆ. ಎರಡನೆಯ ಪ್ರತಿಕಾಯ ಪೆರಾಕ್ಸಿಡೇಸ್ ಹೊತ್ತುಕೊಂಡು ಮೇಲಿನಿಂದ ಕೂರುತ್ತದೆ. ಮತ್ತೆ ತೊಳೆದು ಟಿಎಂಬಿ ಎಂಬ ಬಣ್ಣ ಕಟ್ಟುವ ವಸ್ತು ಹಾಕಿದರೆ ನೀಲಿ ಬಣ್ಣ. ಗಂಧಕಾಮ್ಲ ಹಾಕಿ ನಿಲ್ಲಿಸಿದಾಗ ಹಳದಿ. ಓದುವುದು 450 ನ್ಯಾನೋಮೀಟರಿನಲ್ಲಿ. ಒಂದು ಕಿಣ್ವ ಅಣು ಸಾವಿರಾರು ಬಣ್ಣದ ಅಣುಗಳನ್ನು ಮಾಡುವುದರಿಂದ ಸಣ್ಣ ಸುಳಿವು ದೊಡ್ಡದಾಗುತ್ತದೆ. ತೊಳೆಯದೆ ಉಳಿದ ಕಿಣ್ವವೂ ಹಾಗೇ ದೊಡ್ಡದಾಗುತ್ತದೆ ಎಂಬುದು ಇದರ ಇನ್ನೊಂದು ಮುಖ. ಎಲೈಸಾ ಕೆಟ್ಟಿತು ಎಂದು ಬರುವ ದೂರುಗಳ ಬೇರು ಹುಡುಕುವಾಗ ತೊಳೆತದಿಂದ ಶುರುಮಾಡುವುದು ಲೇಸು. ಪ್ರತಿ ಸಲ ಗುಳಿಗೆ 300 ಮೈಕ್ರೋಲೀಟರಿನಷ್ಟು ತುಂಬಿಸಿ, ನಾಲ್ಕೈದು ಬಾರಿ ತೊಳೆದು, ಕೊನೆಗೆ ತಟ್ಟೆಯನ್ನು ಬೋರಲು ಹಾಕಿ ಟಿಶ್ಯೂವಿನ ಮೇಲೆ ಬಡಿಯಬೇಕು. ತೊಳೆಯುವ ಬಫರ್ ಕೆಡದಿರಲಿ ಎಂದು ಯಾರಾದರೂ ಸೋಡಿಯಂ ಅಜೈಡ್ ಸೇರಿಸಿದ್ದರೆ ಬಣ್ಣವೇ ಬರುವುದಿಲ್ಲ. ಅಜೈಡ್ ಪೆರಾಕ್ಸಿಡೇಸನ್ನು ಕೊಲ್ಲುತ್ತದೆ. ತಟ್ಟೆಯ ಅಂಚಿನ ಗುಳಿಗಳು ಬೇಗ ಬೆಚ್ಚಗಾಗುವುದರಿಂದ ಅಲ್ಲಿ ಬಣ್ಣ ಒಂದಿಷ್ಟು ಗಾಢ. ಹಾಗಾಗಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಇಡಬಾರದು.

ಈಗಿನ ದೊಡ್ಡ ಲ್ಯಾಬುಗಳಲ್ಲಿ ಟ್ರೊಪೋನಿನ್, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್ ಹಾರ್ಮೋನು ನೋಡುವುದು ರಾಸಾಯನಿಕ ದೀಪ್ತಿಯಿಂದ. ಇಲ್ಲಿ ಹೊರಗಿನ ದೀಪವೇ ಇಲ್ಲ. ಎರಡನೆಯ ಪ್ರತಿಕಾಯಕ್ಕೆ ಕಟ್ಟಿದ ಅಕ್ರಿಡಿನಿಯಮ್ ಆಗಲಿ ರುಥೇನಿಯಮ್ ಆಗಲಿ ಕತ್ತಲೆ ಪೆಟ್ಟಿಗೆಯಲ್ಲಿ ತಾನೇ ಬೆಳಗುತ್ತದೆ. ಫೋಟೊಮಲ್ಟಿಪ್ಲೈಯರ್ ಎಂಬ ಸಂವೇದಕ ಒಂದೊಂದೇ ಫೋಟಾನ್ (ಬೆಳಕಿನ ಕಣ) ಎಣಿಸುತ್ತದೆ. ತುಂಬು ಬೆಳಕಿನಲ್ಲಿ ಸ್ವಲ್ಪ ಕಡಿಮೆಯಾದದ್ದನ್ನು ಹುಡುಕುವುದಕ್ಕಿಂತ ಕಗ್ಗತ್ತಲಲ್ಲಿ ಸ್ವಲ್ಪ ಬಂದದ್ದನ್ನು ಕಾಣುವುದು ಎಷ್ಟೋ ಸುಲಭ.

ಬಯೋಟಿನ್ ಎಂಬ ವಿಟಮಿನ್ನಿನ ತೊಡಕು ಹುಟ್ಟುವುದು ಈ ಯಂತ್ರಗಳಲ್ಲೇ. ಹಲವು ಕಿಟ್ಟುಗಳಲ್ಲಿ ಪ್ರತಿಕಾಯವನ್ನು ಗುಳಿಯ ತಳದ ಬದಲು ಕಾಂತೀಯ ಮಣಿಗೆ ಕಟ್ಟುತ್ತಾರೆ, ಆ ಗಂಟು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಮತ್ತು ಬಯೋಟಿನ್. ಕೂದಲು ಉದುರುತ್ತದೆಂದು ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುವವರ ರಕ್ತದಲ್ಲಿ ಅದೇ ಬಯೋಟಿನ್ ತೇಲುತ್ತಿರುತ್ತದೆ, ಮಣಿಯ ಜಾಗಗಳನ್ನೆಲ್ಲ ಅದೇ ಹಿಡಿದು ಕೂರುತ್ತದೆ. ವಸ್ತು ಎರಡು ಪ್ರತಿಕಾಯಗಳ ನಡುವೆ ಸಿಕ್ಕಿಕೊಳ್ಳುವ, ಟಿಎಸ್‌ಎಚ್‌ನಂಥ ಸ್ಯಾಂಡ್‌ವಿಚ್ ಪರೀಕ್ಷೆಯಲ್ಲಿ ಬೆಳಕು ಕಡಿಮೆಯಾಗಿ ಫಲಿತಾಂಶ ಸುಳ್ಳಾಗಿ ಇಳಿಯುತ್ತದೆ. ರೋಗಿಯ ವಸ್ತುವೂ ದೀಪ ಕಟ್ಟಿದ ವಸ್ತುವೂ ಒಂದೇ ಜಾಗಕ್ಕೆ ಸೆಣಸುವ, ಥೈರಾಯ್ಡ್ ಹಾರ್ಮೋನು ಫ್ರೀ ಟಿ4ನಂಥ ಪೈಪೋಟಿ ಪರೀಕ್ಷೆಯಲ್ಲಿ ಬೆಳಕು ಕಡಿಮೆಯಾದರೆ ವಸ್ತು ಹೆಚ್ಚಿದೆ ಎಂದರ್ಥ, ಹಾಗಾಗಿ ಅದು ಸುಳ್ಳಾಗಿ ಏರುತ್ತದೆ. ಟಿಎಸ್‌ಎಚ್ ಕೆಳಗೆ, ಟಿ4 ಮೇಲೆ: ಕಾಗದದ ಮೇಲೆ ಪಕ್ಕಾ ಹೈಪರ್‌ಥೈರಾಯ್ಡ್, ರೋಗಿಗೆ ಏನೂ ಇಲ್ಲ. ಟ್ರೊಪೋನಿನ್ ಹೀಗೆ ಇಳಿದರೆ ಇನ್ನೂ ಕೆಟ್ಟದ್ದು. 2017ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಾಗ, ಬಯೋಟಿನ್ನಿನಿಂದ ಟ್ರೊಪೋನಿನ್ ಸುಳ್ಳಾಗಿ ಕಡಿಮೆ ಬಂದ ಒಬ್ಬ ರೋಗಿಯ ಸಾವಿನ ವರದಿಯನ್ನೂ ಉಲ್ಲೇಖಿಸಿತ್ತು. ಇಂಥ ಡೋಸು ತೆಗೆದುಕೊಳ್ಳುವವರು ಕೊನೆಯ ಮಾತ್ರೆಯ ನಂತರ ಕನಿಷ್ಠ 8 ಗಂಟೆ ಬಿಟ್ಟು ರಕ್ತ ಕೊಡಬೇಕೆಂದು ಇಂಥ ಕಿಟ್ಟುಗಳ ಹಾಳೆಯಲ್ಲೇ ಇರುತ್ತಿತ್ತು. ಆ ಹಾಳೆ ರೋಗಿಯ ಕೈಗೆ ಬರುವುದಿಲ್ಲ. ಎದೆನೋವಿನಿಂದ ಬಂದವರನ್ನು 8 ಗಂಟೆ ಕಾಯಿಸುವಂತೆಯೂ ಇಲ್ಲ, ಅಲ್ಲಿ ಇಸಿಜಿ ಮತ್ತು ರೋಗಿಯ ಸ್ಥಿತಿಯನ್ನೇ ನಂಬಬೇಕಾಗುತ್ತದೆ. ಇತ್ತೀಚಿನ ಕಿಟ್ಟುಗಳು ಬಯೋಟಿನ್ನನ್ನು ಹೆಚ್ಚು ತಾಳಿಕೊಳ್ಳುವಂತೆ ತಿದ್ದಿಕೊಂಡು ಬಂದಿವೆ.

ಕಾದು ನೋಡುವ ಉಪಾಯ ಇನ್ನೊಂದು. ಪ್ರತಿದೀಪ್ತಿಯಲ್ಲಿ ಒಂದು ಬಣ್ಣದ ಬೆಳಕು ಹಾಯಿಸಿದರೆ ಇನ್ನೊಂದು ಬಣ್ಣದ್ದು ಹೊರಬರುತ್ತದೆ. ಆದರೆ ಸೀರಮ್ ತಾನೂ ಮಿನುಗುತ್ತದೆ, ಪ್ಲಾಸ್ಟಿಕ್ ತಟ್ಟೆಯೂ ಮಿನುಗುತ್ತದೆ. ಆ ಬೇಡದ ಮಿನುಗು ನ್ಯಾನೋಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಯುರೋಪಿಯಮ್ ಎಂಬ ಲೋಹದ ಸಂಯುಕ್ತ ಮಾತ್ರ ನೂರಾರು ಮೈಕ್ರೋಸೆಕೆಂಡು ಬೆಳಗುತ್ತಿರುತ್ತದೆ. 340ರ ಬೆಳಕನ್ನು ಮಿಂಚಿಸಿ, 400 ಮೈಕ್ರೋಸೆಕೆಂಡು ಸುಮ್ಮನಿದ್ದು, ಆಮೇಲೆ 615ರ ಕೆಂಪನ್ನು ಎಣಿಸಿದರೆ ಉಳಿದಿರುವುದು ಯುರೋಪಿಯಮ್ಮಿನ ಬೆಳಕು ಮಾತ್ರ. ಫಿಲ್ಟರ್ ಕಾಗದದ ಮೇಲೆ ಒಣಗಿಸಿದ ಶಿಶುವಿನ ಒಂದು ಹನಿ ರಕ್ತದಿಂದ ಟಿಎಸ್‌ಎಚ್ ನೋಡಿ ಹುಟ್ಟಿನ ಥೈರಾಯ್ಡ್ ಕೊರತೆ ಹಿಡಿಯಲು ಈ ವಿಧಾನವನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಈ ಬರಹದಲ್ಲಿರುವ ಉಪಾಯಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಇದೇ.

ಚಿನ್ನದ ಕೆಂಪು

ಆಶಾ ಕಾರ್ಯಕರ್ತೆಯರು ಕೊಡುವ, ಗರ್ಭ ನಿಂತಿದೆಯೇ ಎಂದು ನೋಡುವ ನಿಶ್ಚಯ್ ಕಿಟ್ಟಿನಲ್ಲಿ ಯಂತ್ರವಿಲ್ಲ, ಕಣ್ಣೇ ಸಂವೇದಕ. ಗರ್ಭ ರೋಗವಲ್ಲ ನಿಜ, ಆದರೆ ಮಲೇರಿಯಾ, ಡೆಂಗಿ, ಕೋವಿಡ್ ಪಟ್ಟಿಗಳೂ ಇದೇ ಮಾದರಿಯವು. ಪಟ್ಟಿಯ ಮೇಲೆ ಕಾಣುವ ಕೆಂಗುಲಾಬಿ ಗೆರೆ ಚಿನ್ನದ್ದು. ಸುಮಾರು 40 ನ್ಯಾನೋಮೀಟರಿನ ಚಿನ್ನದ ಕಣದಲ್ಲಿ ಇಲೆಕ್ಟ್ರಾನುಗಳು ಹಸಿರು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡಿ ಅದನ್ನು ನುಂಗುತ್ತವೆ, ಹಾಗಾಗಿ ಚಿನ್ನ ಕೆಂಪಾಗಿ ಕಾಣುತ್ತದೆ. ಕಣಕ್ಕೆ ಪ್ರತಿಕಾಯ ಅಂಟಿಸಿರುತ್ತಾರೆ. ಮೂತ್ರ ಹರಿಯುವಾಗ ಗರ್ಭಿಣಿಯರಲ್ಲಿ ಏರುವ ಎಚ್‌ಸಿಜಿ ಹಾರ್ಮೋನು ಕಣವನ್ನು ಹೊತ್ತು ‘ಟಿ’ ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ಪಟ್ಟಿ ಸರಿಯಾಗಿ ಕೆಲಸ ಮಾಡಿತೆಂದು ತೋರಿಸುವ ‘ಸಿ’ ಗೆರೆ ಬಾರದಿದ್ದರೆ ಪರೀಕ್ಷೆ ಲೆಕ್ಕಕ್ಕಿಲ್ಲ. ಹೇಳಿದ 5 ನಿಮಿಷಕ್ಕೆ ಓದಬೇಕು. ಅರ್ಧ ಗಂಟೆ ಬಿಟ್ಟು ನೋಡಿದರೆ ಪಟ್ಟಿ ಒಣಗಿ ಬೂದು ಗೆರೆಯೊಂದು ಮೂಡಿ ಮನೆಮಂದಿಯನ್ನು ಗೊಂದಲಕ್ಕೆ ಕೆಡವುತ್ತದೆ.

ಹಾರ್ಮೋನು ಅತಿಯಾದರೂ ಗೆರೆ ಮಸುಕಾಗುತ್ತದೆ. ಮಗುವಿನ ಬದಲು ಗುಳ್ಳೆಗಳ ಗೊಂಚಲು ಬೆಳೆಯುವ ಮುತ್ತು ಗರ್ಭದಂಥ ಸ್ಥಿತಿಯಲ್ಲಿ ಎಚ್‌ಸಿಜಿ ಲಕ್ಷಗಟ್ಟಲೆ ಏರಿದಾಗ, ಗೆರೆಯ ಮೇಲಿನ ಪ್ರತಿಕಾಯವನ್ನೂ ಚಿನ್ನದ ಮೇಲಿನ ಪ್ರತಿಕಾಯವನ್ನೂ ಬೇರೆ ಬೇರೆ ಅಣುಗಳು ಆಕ್ರಮಿಸಿಬಿಡುತ್ತವೆ, ಸೇತುವೆ ಕಟ್ಟಲು ಯಾರೂ ಉಳಿಯುವುದಿಲ್ಲ. ಹುಕ್ ಎಫೆಕ್ಟ್ ಎನ್ನುವುದು ಇದಕ್ಕೆ. ಮೂತ್ರಕ್ಕೆ ನೀರು ಬೆರೆಸಿದಾಗ ಗೆರೆ ಗಾಢವಾದರೆ ಅನುಮಾನ ಖಚಿತ.

ಪ್ರಯೋಗಾಲಯದಲ್ಲೇ ಉಳಿದವು

ಮೇಲಿನ ಎಲ್ಲದಕ್ಕೂ ಬಣ್ಣದ ಅಥವಾ ದೀಪದ ಗುರುತುಚೀಟಿ ಬೇಕಾಯಿತು. ಗುರುತುಚೀಟಿಯೇ ಬೇಡ ಎನ್ನುವ ವಿಧಾನ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್. ಗಾಜಿನ ಪಟ್ಟಕದ ಮೇಲೆ 50 ನ್ಯಾನೋಮೀಟರ್ ದಪ್ಪದ ಚಿನ್ನದ ಹಾಳೆ, ಕೆಳಗಿನಿಂದ ಬೆಳಕು. ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲನ ದಿಢೀರನೆ ಕುಸಿಯುತ್ತದೆ. ಚಿನ್ನದ ಮೇಲ್ಮೈಗೆ ಏನಾದರೂ ಅಂಟಿದರೆ ಆ ಕೋನ ಸರಿಯುತ್ತದೆ. 1968ರಲ್ಲಿ ಜರ್ಮನಿಯ ಕ್ರೆಚ್ಮನ್ ಮತ್ತು ರೇಥರ್ ತೋರಿಸಿದ ಈ ಜೋಡಣೆ 1990ರಲ್ಲಿ ಸ್ವೀಡನ್ನಿನಿಂದ ಮಾರುಕಟ್ಟೆಗೆ ಬಂತು. ಔಷಧ ಸಂಶೋಧನೆಗೆ ಇದು ದಿನನಿತ್ಯದ ಸಲಕರಣೆ. ಆಸ್ಪತ್ರೆಯಲ್ಲಿ ನೆಲೆಯೂರದಿರುವ ಕಾರಣವೂ ಇದರ ಗುಣದಲ್ಲೇ ಇದೆ: ಚಿನ್ನಕ್ಕೆ ಯಾರು ಅಂಟಿದರೂ ಇದು ಎಣಿಸುತ್ತದೆ. ಸೀರಮ್ಮಿನ ಆಲ್ಬುಮಿನ್ ಅಂಟಿದರೂ ಕೋನ ಸರಿಯುತ್ತದೆ. ತಾಪಮಾನ 1 ಡಿಗ್ರಿ ಬದಲಾದರೂ ನೀರಿನ ವಕ್ರೀಭವನ ಸೂಚ್ಯಂಕ ಹತ್ತು ಸಾವಿರದಲ್ಲೊಂದರಷ್ಟು ಬದಲಾಗಿ, ಹುಡುಕುತ್ತಿದ್ದ ಸುಳಿವಿಗಿಂತ ದೊಡ್ಡ ಅಲೆ ಎಬ್ಬಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಪ್ರತಿಕಾಯವಿಲ್ಲದ ಇನ್ನೊಂದು ಕಾಲುವೆ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಮಗುವಿನ ಬಿಲಿರುಬಿನ್ನಿಗೆ ಮಾಡಿದ ಕಳೆಯುವ ಲೆಕ್ಕವೇ ಇಲ್ಲಿ ವೇಷ ಬದಲಿಸಿ ಬಂದಿದೆ.

ಅಣುವಿಗೆ ತಾಕಿ ಚದುರುವ ಬೆಳಕಿನ ಒಂದು ಚೂರು ಬಣ್ಣ ಬದಲಿಸಿಕೊಳ್ಳುವ ರಾಮನ್ ಚದುರಿಕೆಗೂ ಗುರುತುಚೀಟಿ ಬೇಡ, ಮೇಲಾಗಿ ಅದು ಅಣುವಿನ ಹೆಸರನ್ನೇ ಹೇಳುತ್ತದೆ. 1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡದ್ದು ಇದನ್ನು. 1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ತೊಂದರೆ ಏನೆಂದರೆ ಚದುರಿದ ಫೋಟಾನುಗಳಲ್ಲಿ ಹೀಗೆ ಬಣ್ಣ ಬದಲಿಸುವುದು ಕೋಟಿಗೊಂದರ ಆಸುಪಾಸು, ಸೀರಮ್ಮಿನ ಮಿನುಗು ಅದನ್ನು ಮುಳುಗಿಸಿಬಿಡುತ್ತದೆ. 785 ನ್ಯಾನೋಮೀಟರಿನ ಲೇಸರ್ ಬಳಸಿದರೆ ಮಿನುಗು ತಗ್ಗುತ್ತದೆ. ಒರಟು ಬೆಳ್ಳಿ ಅಥವಾ ಚಿನ್ನದ ಮೇಲೆ ಅಣುವನ್ನು ಕೂರಿಸಿದರೆ ಸುಳಿವು ಲಕ್ಷಗಟ್ಟಲೆ ಪಟ್ಟು ಹಿಗ್ಗುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಆದರೆ ಬಹುಪಾಲು ಹಿಗ್ಗುವುದು ಎರಡು ಲೋಹದ ಕಣಗಳ ನಡುವಿನ ಕೂದಲೆಳೆ ಸಂದಿಯಲ್ಲಿ. ಇವತ್ತು ಮಾಡಿದ ಬೆಳ್ಳಿ ತಟ್ಟೆಯ ಸಂದಿಗಳು ನಾಳೆ ಮಾಡಿದ ತಟ್ಟೆಯಲ್ಲಿ ಹಾಗೇ ಇರುವುದಿಲ್ಲ, ಒಂದೇ ಮೂತ್ರ ಎರಡು ತಟ್ಟೆಯಲ್ಲಿ ಎರಡು ಉತ್ತರ ಕೊಡುತ್ತದೆ.

‘ಒಂದು ಹನಿಯಲ್ಲಿ ಕ್ಯಾನ್ಸರ್ ಪತ್ತೆ’ ಎಂಬ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಎಷ್ಟು ಕಡಿಮೆ ಅಳೆಯಿತು ಎಂಬುದನ್ನಲ್ಲ, ಏನೂ ಇಲ್ಲದಾಗ ಎಷ್ಟು ತೋರಿಸಿತು ಎಂಬುದನ್ನು. ಖಾಲಿ ಸ್ಯಾಂಪಲನ್ನು ಹಲವು ಬಾರಿ ಓದಿ, ಸರಾಸರಿಗೆ ಮಾನಕ ವಿಚಲನೆಯ (ಆ ಓದುಗಳ ಏರುಪೇರಿನ ಅಳತೆಯ) 1.645 ಪಟ್ಟು ಸೇರಿಸಿದರೆ ಬರುವುದು ಬ್ಲ್ಯಾಂಕಿನ ಮಿತಿ. ಅದಕ್ಕಿಂತ ಕೆಳಗಿನ ಬೆಳಕನ್ನು ರೋಗದ್ದು ಎನ್ನುವಂತಿಲ್ಲ. ಆ ‘ಖಾಲಿ’ ಏನಾಗಿತ್ತು ಎಂಬುದು ಎರಡನೆಯ ಪ್ರಶ್ನೆ. ಶುದ್ಧ ಉಪ್ಪುನೀರಿನ ಬಫರಿನಲ್ಲಿ ಬಂದ ಮಿತಿ ಸೀರಮ್ಮಿನಲ್ಲಿ ನಿಲ್ಲುವುದು ಅಪರೂಪ. ಆರೋಗ್ಯವಂತರ ಸೀರಮ್ಮಿಗೆ 50 ಪಿಕೋಗ್ರಾಂ ಸೇರಿಸಿ ಓದಿದಾಗ 40ರಿಂದ 60ರ ಒಳಗೆ ಬಂದರೆ ಮಾತು ಮುಂದುವರಿಸಬಹುದು. 20 ಬಂದರೆ ಉಳಿದ 30ನ್ನು ಸೀರಮ್ಮಿನಲ್ಲಿ ಯಾರೋ ಹಿಡಿದಿಟ್ಟುಕೊಂಡಿದ್ದಾರೆ. 90 ಬಂದರೆ ಆ ಹೆಚ್ಚಿನ 40 ಬೇರೆ ಯಾರದೋ ಬೆಳಕು.